ಮುಹೂರ್ತದಿಂದ ಹಿಂದಕ್ಕೆ ಎಣಿಸುವ ಲೆಕ್ಕ

ಮದುವೆಯ ಹೂವಿನ ಕೆಲಸದ ಕುರಿತು ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಉಡುಪಿಯ ಆಸುಪಾಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವುದರಿಂದ, ಕೈಯಾರೆ ಮಾಡಿ ನೋಡಿದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನೂ ನನ್ನ ತಮ್ಮನೂ ಸೇರಿ ಮದುವೆಯ ಹೂವಿನ ಅಲಂಕಾರದ ಕೆಲಸ ಆರಂಭಿಸಿ ಇದು ಎರಡನೆಯ ವರ್ಷ. ನಾಲ್ವರು ಹುಡುಗರು ಖಾಯಂ ಇದ್ದಾರೆ, ಕರೆದಾಗ ಇನ್ನಿಬ್ಬರು ಬರುತ್ತಾರೆ. ಏಪ್ರಿಲ್ ಕೊನೆಯ ಭಾನುವಾರಕ್ಕೆ ಈಗಾಗಲೇ ಮೂರು ಮದುವೆಗಳನ್ನು ಒಪ್ಪಿಕೊಂಡಿದ್ದೇವೆ, ಇನ್ನೂ ಎರಡು ಮನೆಯವರು ಕೇಳುತ್ತಿದ್ದಾರೆ. ಆಗುವುದಿಲ್ಲ ಎಂದರೆ ಮುಂದೆ ಯಾರೂ ಕರೆಯಲಾರರೆಂಬ ಹೆದರಿಕೆ ಇದೆ. ಒಂದು ದಿನಕ್ಕೆ ಎಷ್ಟು ಮದುವೆ ಒಪ್ಪಿಕೊಳ್ಳಬಹುದು?
– ಓದುಗರು, ಕಟಪಾಡಿ

ಉತ್ತರ: ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ನೀವು ಕೊಟ್ಟ ವಿವರದ ಪ್ರಕಾರ ಆ ಭಾನುವಾರ ನಿಮ್ಮ ಕೈಯಲ್ಲಿ ಆಗುವುದು ಒಂದು ದೊಡ್ಡ ಮದುವೆ, ಹೆಚ್ಚೆಂದರೆ ಅದರ ಜೊತೆಗೆ ಮನೆಯಂಗಳದ ಒಂದು ಚಿಕ್ಕ ಮದುವೆ. ಹೇಗೆಂದು ಲೆಕ್ಕ ಸಮೇತ ಹೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ಧಾರೆಯ ಮುಹೂರ್ತಗಳಲ್ಲಿ ಬಹಳಷ್ಟು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಇರುತ್ತವೆ; ಅದರಲ್ಲೂ ಅಭಿಜಿನ್ ಮುಹೂರ್ತವೆಂದರೆ ಸರಿಯಾಗಿ ನಡುಮಧ್ಯಾಹ್ನ. ಹಾಗಾಗಿ ಐದು ಮದುವೆಗಳನ್ನು ಒಪ್ಪಿಕೊಂಡವರಿಗೆ ಐದೂ ಕಡೆಯ ಕೆಲಸ ಒಂದೇ ಹೊತ್ತಿಗೆ ಮುಗಿದಿರಬೇಕಾಗುತ್ತದೆ. ಮುಹೂರ್ತ ಹನ್ನೆರಡು ಗಂಟೆಗೆ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸುತ್ತ ಬನ್ನಿ. ಒಂಬತ್ತು ಗಂಟೆಗೆ ಪುರೋಹಿತರೂ ಫೋಟೋದವರೂ ಬರುತ್ತಾರೆ, ಅಷ್ಟರಲ್ಲಿ ಮಂಟಪದ ಸುತ್ತ ಏಣಿ, ಕಸ, ಬಕೆಟ್ ಯಾವುದೂ ಕಾಣಬಾರದು. ಏಳು ಗಂಟೆಗೆ ತಿಂಡಿಯ ಪಂಕ್ತಿ ಶುರುವಾಗುವುದರಿಂದ ಪ್ರವೇಶದ್ವಾರದ ಕೆಲಸ ಅದಕ್ಕಿಂತ ಮೊದಲೇ ಮುಗಿದಿರಬೇಕು. ಇನ್ನು ಹಿಂದಿನ ದಿನ ಅದೇ ಸಭಾಭವನದಲ್ಲಿ ಬೇರೊಂದು ಸಮಾರಂಭವೋ ಇದೇ ಮದುವೆಯ ಮೆಹಂದಿಯೋ ಇದ್ದರೆ, ವೇದಿಕೆ ನಿಮ್ಮ ಕೈಗೆ ಸಿಗುವುದು ರಾತ್ರಿ ಒಂಬತ್ತರ ಮೇಲೆ. ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರವರೆಗೆ ಏಳು ಗಂಟೆ. ನೀವು ಇಬ್ಬರು, ಖಾಯಂ ನಾಲ್ವರು, ಕರೆಸಿದ ಇಬ್ಬರು, ಒಟ್ಟು ಎಂಟು ಜನ. ಒಬ್ಬರೂ ಕಣ್ಣು ಮುಚ್ಚದೆ ದುಡಿದರೂ ನಿಮ್ಮಲ್ಲಿರುವುದು 56 ಗಂಟೆಯ ದುಡಿಮೆ ಮಾತ್ರ.

ಇದನ್ನು ಕೆಲಸದ ಪಕ್ಕದಲ್ಲಿಟ್ಟು ನೋಡಿ. ನನ್ನ ಅನುಭವದಲ್ಲಿ ನಾಲ್ಕು ಕಂಬಗಳ ಒಂದು ಮಂಟಪಕ್ಕೆ ಗೊಂಡೆ ಮತ್ತು ಸೇವಂತಿಗೆಯ ಸರ ಇಳಿಬಿಟ್ಟು, ಹಿಂದಿನ ಪರದೆಗೆ ಹೂವು ತುಂಬಲು ಆರು ಜನರಿಗೆ ಐದು ಗಂಟೆ ಬೇಕು. ಅಲ್ಲಿಗೆ 30 ಗಂಟೆ ಹೋಯಿತು. ಪ್ರವೇಶದ್ವಾರಕ್ಕೆ ಎಂಟು, ಮದುಮಗಳ ಜಡೆಗೂ ಧಾರೆಯ ಹಾರಗಳಿಗೂ ಆರು, ಕಾರಿಗೆ ಎರಡು. ಒಟ್ಟು 46. ಉಳಿಯುವ ಹತ್ತು ಗಂಟೆಗಳು ಹೂವು ಇಳಿಸಲು, ದಂಟು ಕತ್ತರಿಸಲು, ಕಸ ತೆಗೆಯಲು ಮತ್ತು ಕೊನೆಯ ಗಳಿಗೆಯಲ್ಲಿ ಹುಡುಗಿಯ ಅತ್ತೆಯವರು ಇನ್ನೊಂದು ಆರತಿ ತಟ್ಟೆಗೆ ಹೂವು ಹಾಕಿಕೊಡಿ ಎನ್ನುವುದಕ್ಕೆ ಬೇಕೇ ಬೇಕು. ಎರಡನೆಯ ದೊಡ್ಡ ಮದುವೆ ಇದರಲ್ಲಿ ಎಲ್ಲಿ ಹಿಡಿಸುತ್ತದೆ?

ನಾನು ಈ ಲೆಕ್ಕ ಕಲಿತದ್ದು ಒಂದು ಮೇ ತಿಂಗಳಿನಲ್ಲಿ. ಒಂದೇ ದಿನ ಮೂರು ಮದುವೆ ಒಪ್ಪಿಕೊಂಡಿದ್ದೆ. ಎರಡು ದಿನ ನಿದ್ದೆಯಿಲ್ಲದೆ, ಬೆಳಗಿನ ಜಾವ ಹಾರದ ಬುಟ್ಟಿಗಳನ್ನು ವಾಹನಕ್ಕೆ ಏರಿಸುವಾಗ ಒಂದು ಮನೆಯ ಬುಟ್ಟಿಯನ್ನು ಇನ್ನೊಂದು ಮನೆಗೆ ಹೋಗುವ ವಾಹನದಲ್ಲಿಟ್ಟೆ. ಧಾರೆಗೆ ಕಾಲು ಗಂಟೆ ಇರುವಾಗ ಫೋನ್ ಬಂತು. ಬುಟ್ಟಿ ಇದ್ದದ್ದು ಹದಿನಾರು ಕಿಲೋಮೀಟರ್ ಆಚೆ. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ. ಯಾರನ್ನೋ ಓಡಿಸಿ, ದೇವಸ್ಥಾನದ ಎದುರಿನ ಅಂಗಡಿಯಿಂದ ಎರಡು ತುಳಸಿಯ ಹಾರ ತರಿಸಿದರು. ಅದರಲ್ಲೇ ಮದುವೆ ಆಯಿತು. ನಾನು ಅಲ್ಲಿ ತಲುಪಿದಾಗ ಊಟದ ಎರಡನೆಯ ಪಂಕ್ತಿ ಏಳುತ್ತಿತ್ತು, ಮದುಮಗಳ ಕೊರಳಿನಲ್ಲಿ ಗಿಡ್ಡವಾದ ಆ ತುಳಸಿ ಹಾರ ಸೀರೆಯ ಜರಿಗೆ ಸಿಕ್ಕಿಕೊಂಡು ಅರ್ಧ ಉದುರಿತ್ತು. ಅವರು ಉಳಿದ ಹಣವನ್ನು ಪೂರ್ತಿ ಕೊಟ್ಟರು, ನಾನು ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮಲ್ಲಿ ಪ್ರತಿಯೊಂದು ಹಾರದ ಬುಟ್ಟಿಗೂ ಮನೆಯ ಹೆಸರು, ಸಭಾಭವನ ಮತ್ತು ಮುಹೂರ್ತದ ಗಂಟೆ ಬರೆದ ಚೀಟಿ ಕಟ್ಟಿರುತ್ತದೆ. ಬುಟ್ಟಿಯನ್ನು ವಾಹನಕ್ಕೆ ಏರಿಸುವಾಗ ಒಬ್ಬರು ಚೀಟಿ ಓದುತ್ತಾರೆ, ಇನ್ನೊಬ್ಬರು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಅದಕ್ಕಿಂತ ಮುಖ್ಯವಾಗಿ, ದಿನಕ್ಕೆ ಒಂದೇ ದೊಡ್ಡ ಮದುವೆ ಎಂಬ ನಿಯಮವನ್ನು ಅಂದಿನಿಂದ ಮುರಿದಿಲ್ಲ.

ಈಗ ನೀವು ಒಪ್ಪಿಕೊಂಡಾಗಿರುವ ಮೂರರ ಮಾತು. ಮೊದಲು ಒಪ್ಪಿಕೊಂಡದ್ದನ್ನು ಇಟ್ಟುಕೊಂಡು, ಆಮೇಲೆ ಒಪ್ಪಿಕೊಂಡ ಎರಡು ಮನೆಗಳಿಗೂ ಈ ವಾರವೇ ಖುದ್ದಾಗಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೋಗುವ ಮೊದಲೇ ನಿಮಗೆ ನಂಬಿಕೆಯಿರುವ, ಆ ದಿನ ಬಿಡುವಿರುವ ಇನ್ನೊಬ್ಬ ಅಲಂಕಾರದವರನ್ನು ಒಪ್ಪಿಸಿಟ್ಟುಕೊಂಡಿರಬೇಕು, ಮುಂಗಡದ ಹಣವನ್ನು ಪೂರ್ತಿಯಾಗಿ ಅವರಿಗೆ ದಾಟಿಸಬೇಕು, ಅದರಲ್ಲಿ ಕಮಿಷನ್ ಹಿಡಿಯಬಾರದು. ಅವೆರಡರಲ್ಲಿ ಒಂದು ಮನೆಯಂಗಳದ ಚಿಕ್ಕ ಮದುವೆಯಾಗಿದ್ದರೆ, ಅಲ್ಲಿ ಚಪ್ಪರದ ಕೆಲಸವನ್ನು ಹಿಂದಿನ ಮಧ್ಯಾಹ್ನವೇ ಮುಗಿಸಬಹುದಾದ್ದರಿಂದ, ಅದೊಂದನ್ನು ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಮೊದಲು ಹೇಳಿದ ನಿರಾಕರಣೆಗೆ ಯಾರೂ ಮುನಿಯುವುದಿಲ್ಲ. ನಾನು ಹಾಗೆ ಬಿಟ್ಟುಕೊಟ್ಟ ಮನೆಗಳಲ್ಲಿ ಎರಡು ಮನೆಯವರು ತಂಗಿಯ ಮದುವೆಗೆ ಮರಳಿ ನನ್ನನ್ನೇ ಕರೆದಿದ್ದಾರೆ.

ಈ ವರ್ಷ ಒತ್ತಡ ಮಾಮೂಲಿಗಿಂತ ಹೆಚ್ಚು ಎಂಬುದನ್ನೂ ಗಮನದಲ್ಲಿಡಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ, ಮದುವೆಯಂಥ ಶುಭಕಾರ್ಯ ಇಡದ ತಿಂಗಳು. ಪಂಚಾಂಗದಲ್ಲಿ ಅದನ್ನು ನೋಡುವ ಮನೆಗಳವರು ಮದುವೆಯನ್ನು ಅದಕ್ಕೆ ಮೊದಲೇ ಮುಗಿಸಲು ನೋಡುತ್ತಾರೆ, ಏಕೆಂದರೆ ಅದು ಕಳೆಯುವಷ್ಟರಲ್ಲಿ ಮಳೆಗಾಲ, ಆ ಮೇಲೆ ಶುಭಕಾರ್ಯ ಇಡದ ಆಟಿ ತಿಂಗಳು. ಇತ್ತ ಕ್ರೈಸ್ತ ಮನೆಗಳಲ್ಲಿ ತಪಸ್ಸಿನ ಕಾಲದ ನಲವತ್ತು ದಿನ ಮದುವೆ ಇಡುವುದು ವಿರಳ. ಏಪ್ರಿಲ್ 5ರ ಈಸ್ಟರ್ ಕಳೆದ ಕೂಡಲೇ ಅವರ ಮದುವೆಗಳೂ, ಹಿಂದಿನ ಸಂಜೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಗಳೂ ಸಾಲುಗಟ್ಟುತ್ತವೆ. ಎರಡೂ ಕಡೆಯವರು ಅದೇ ಆರು ವಾರಗಳಲ್ಲಿ ಅದೇ ಹೂವನ್ನೂ ಅದೇ ಕೆಲಸಗಾರರನ್ನೂ ಹುಡುಕುತ್ತಿರುತ್ತಾರೆ.

ಪ್ರಶ್ನೆ: ಕಳೆದ ವರ್ಷ ನವೆಂಬರಿನಲ್ಲಿ ಮಾತಾದ ಒಂದು ಮದುವೆಗೆ ಮಲ್ಲಿಗೆಯನ್ನೂ ಸೇರಿಸಿ ಒಟ್ಟು ಮೊತ್ತ ಹೇಳಿದ್ದೆ. ಮದುವೆಯ ಹೊತ್ತಿಗೆ ಮಲ್ಲಿಗೆಯ ದರ ಏರಿ, ನನಗೆ ಉಳಿದದ್ದೆಲ್ಲ ಅದಕ್ಕೇ ಹೋಯಿತು. ದರವನ್ನು ಹೇಗೆ ಹೇಳಬೇಕು?
– ಓದುಗರು, ಸುರತ್ಕಲ್

ಉತ್ತರ: ಮಲ್ಲಿಗೆಯನ್ನು ಒಟ್ಟು ಮೊತ್ತದೊಳಗೆ ಎಂದೂ ಸೇರಿಸಬಾರದು. ಶಂಕರಪುರ ಮಲ್ಲಿಗೆಯ ದರ ದಿನದಿನವೂ ಶಂಕರಪುರದ ಕಟ್ಟೆಯಲ್ಲಿ, ಅಂದರೆ ಅಲ್ಲಿನ ಹೂವಿನ ಮಾರುಕಟ್ಟೆಯಲ್ಲಿ, ನಿರ್ಧಾರವಾಗುತ್ತದೆ, ನಾಳಿನ ದರ ಇಂದು ಯಾರಿಗೂ ಗೊತ್ತಿರುವುದಿಲ್ಲ. ಹೊಸಬರಿಗಾಗಿ ಅಳತೆಯನ್ನೂ ಹೇಳಿಬಿಡುತ್ತೇನೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಅಟ್ಟೆಗೆ 3,200 ಹೂವು. ಬೇಡಿಕೆ ಏರಿದ ದಿನಗಳಲ್ಲಿ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದನ್ನು ನಾವೆಲ್ಲ ಕಂಡಿದ್ದೇವೆ; ಅದೇ ಹೂವು ಕೆಲವು ನೂರು ರೂಪಾಯಿಗೆ ಇಳಿದ ದಿನಗಳೂ ಇವೆ. ಹೆಣ್ಣಿನ ಕಡೆಗೆ ಹನ್ನೆರಡು ಅಟ್ಟೆ ಬೇಕೆಂದುಕೊಳ್ಳಿ. ಅಟ್ಟೆಗೆ 700 ರೂಪಾಯಿ ಹಿಡಿದು ನೀವು 8,400 ರೂಪಾಯಿ ಲೆಕ್ಕ ಹಾಕಿದ್ದರೆ, ಮದುವೆಯ ದಿನ 2,100 ಆದಾಗ ಕೊಡಬೇಕಾದದ್ದು 25,200. ನಡುವಿನ 16,800 ರೂಪಾಯಿ ನಿಮ್ಮ ಮನೆಯಿಂದಲೇ ಹೋಗುತ್ತದೆ.

ದರ ಏರುವ ಕಾರಣಗಳನ್ನು ಮೊದಲೇ ಊಹಿಸಬಹುದು. ಚಳಿಗೂ ಜಡಿಮಳೆಗೂ ಇಳುವರಿ ಇಳಿಯುತ್ತದೆ. ಮದುವೆಯ ತಿಂಗಳುಗಳಲ್ಲಿಯೇ ಊರೂರಿನ ಕೋಲ, ನೇಮ, ನಾಗಮಂಡಲ, ಬ್ರಹ್ಮಕಲಶ, ರಥೋತ್ಸವಗಳೂ ನಡೆಯುತ್ತವೆ. ದೈವದ ಪೂಜೆಗೂ ಮದುಮಗಳ ಮುಡಿಗೂ ಮಲ್ಲಿಗೆ ಒಂದೇ ತೋಟದಿಂದ ಬರಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ, ಆ ವಾರದ ಮದುವೆಗೆ ಹೂವು ಮೊದಲೇ ಹೇಳಿಟ್ಟುಕೊಳ್ಳದವರ ಪಾಡು ಕಷ್ಟ. ನಾಗನ ಕಾರ್ಯಗಳು ಒತ್ತಾಗಿರುವ ವಾರದಲ್ಲಿ ಹಿಂಗಾರಕ್ಕೂ (ಅಡಿಕೆಯ ಹೂಗೊಂಚಲಿಗೂ) ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ನಿಮ್ಮ ದರಪಟ್ಟಿಯಲ್ಲಿ ಅಲಂಕಾರದ ಕೆಲಸಕ್ಕೆ ಒಂದು ಮೊತ್ತ, ಮಲ್ಲಿಗೆಗೆ ಬೇರೆಯೇ ಸಾಲು ಇರಲಿ: ಇಷ್ಟು ಅಟ್ಟೆ, ಆ ದಿನದ ಕಟ್ಟೆಯ ದರ, ಅದರ ಮೇಲೆ ಅಟ್ಟೆಗೆ ಇಷ್ಟು ನಿಮ್ಮ ಓಡಾಟದ ಖರ್ಚು. ಮನೆಯವರಿಗೆ ಇದು ತಿಳಿಯದ ವಿಷಯವೇನಲ್ಲ, ಮಲ್ಲಿಗೆಯ ದರವನ್ನು ದಿನವೂ ವಿಚಾರಿಸುವ ಅಜ್ಜಿಯಂದಿರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ದರ ಒಂದು ಮಿತಿಯನ್ನು ಮೀರಿದರೆ ಎಷ್ಟು ಅಟ್ಟೆ ಕಡಿಮೆ ಮಾಡಿ, ಆ ಜಾಗಕ್ಕೆ ಅಬ್ಬಲಿಗೆಯನ್ನೋ ಸುಗಂಧರಾಜವನ್ನೋ ಹಾಕಬಹುದು ಎಂಬುದನ್ನೂ ಅವರ ಎದುರಿನಲ್ಲೇ ಬರೆದು ಸಹಿ ಪಡೆಯಿರಿ. ಮುಡಿಗೆ ಮುಡಿಯುವ ಮಲ್ಲಿಗೆಯನ್ನು ಮಾತ್ರ ಕಡಿತ ಮಾಡಲು ಹೋಗಬೇಡಿ; ಮಂಟಪದಲ್ಲಿ ನಾಲ್ಕು ಸರ ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಚಿಕ್ಕಮ್ಮನ ತಲೆಗೆ ಹೂವು ಸಾಲದೆ ಹೋದರೆ ಅದು ಹತ್ತು ವರ್ಷ ನೆನಪಿರುತ್ತದೆ.

ಹೂವಿನ ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಬೇಗ ಮೊಗ್ಗಾಗಿರುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಮಾರುಕಟ್ಟೆಗೆ ಬಂದು, ಸಂಜೆಯ ಹೊತ್ತಿಗೆ ಅರಳುತ್ತದೆ. ಸಂಜೆಯ ಆರತಕ್ಷತೆಗೆ ಇದು ಸರಿಹೋಗುತ್ತದೆ. ಮಧ್ಯಾಹ್ನದ ಧಾರೆಗೆ ಆ ದಿನದ ಹೂವನ್ನು ನಂಬಿಕೊಂಡರೆ ತಡವಾಗುವ ಅಪಾಯವಿದೆ. ಹಿಂದಿನ ದಿನದ ಹೂವನ್ನು ತಂದು, ನೀರು ಚಿಮುಕಿಸದೆ, ಒದ್ದೆ ಬಟ್ಟೆಯಿಂದ ಒರೆಸಿದ ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿ ತಂಪಿನಲ್ಲಿಡಬೇಕು. ಎಸಳಿನ ಮೇಲೆ ನೀರು ನಿಂತರೆ ಅಲ್ಲಿ ಕಂದು ಕಲೆ ಬೀಳುತ್ತದೆ. ಇಲ್ಲವೇ ಒಂದಿಬ್ಬರು ಬೆಳೆಗಾರರ ಮನೆಯವರೊಡನೆ ನೇರವಾಗಿ ಮಾತಾಡಿಕೊಂಡು, ಮದುಮಗಳ ಜಡೆಗೆ ಬೇಕಾದಷ್ಟನ್ನು ಅಂದಿನ ಮುಂಜಾನೆಯೇ ಕಟ್ಟಿಸಿ ತರಬೇಕು. ವರ್ಷವಿಡೀ ಅವರಿಂದ ಹೂವು ಕೊಳ್ಳುವವರಿಗೆ ಮಾತ್ರ ಸೀಸನ್ನಿನಲ್ಲಿ ಈ ಉಪಕಾರ ಸಿಗುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರಿಸಿದ ಕಾರ್ನೇಷನ್ ಮತ್ತು ಆರ್ಕಿಡ್ ಹೂವುಗಳು ಬಂದಾಗ ಚೆನ್ನಾಗಿಯೇ ಇದ್ದವು. ಸಭಾಭವನದ ಉಗ್ರಾಣದಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಕಾರ್ನೇಷನ್ ಮುದುಡಿ ಮಲಗಿದ್ದವು, ಆರ್ಕಿಡ್ ಉದುರುತ್ತಿದ್ದವು. ನೀರೂ ಇತ್ತು, ಕೋಣೆಯೂ ತಂಪಾಗಿತ್ತು. ತಪ್ಪು ಎಲ್ಲಾಯಿತು?
– ಓದುಗರು, ಮೂಡುಬಿದಿರೆ

ಉತ್ತರ: ಉಗ್ರಾಣ ಎಂದು ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಸಂಶಯ ಬಂತು. ಆ ಕೋಣೆಯಲ್ಲಿ ಬಾಳೆಗೊನೆಗಳಿದ್ದವೇ? ಊಟಕ್ಕೂ ತಾಂಬೂಲಕ್ಕೂ ಬೇಕಾದ ಬಾಳೆಹಣ್ಣು ಮದುವೆಯ ಹಿಂದಿನ ದಿನ ಬಂದು ಬೀಳುವುದು ಅಲ್ಲಿಯೇ. ಹಣ್ಣಾಗುತ್ತಿರುವ ಬಾಳೆ, ಮಾವುಗಳಿಂದ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ. ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲ ಹೂವನ್ನು ಬೇಗ ಮುದಿಯಾಗಿಸುತ್ತದೆ. ಕಾರ್ನೇಷನ್ ಮತ್ತು ಆರ್ಕಿಡ್ ಇದಕ್ಕೆ ಬಹಳ ಬೇಗ ಬಲಿಯಾಗುವ ಹೂವುಗಳು; ಕಾರ್ನೇಷನ್ನಿನ ಎಸಳು ಒಳಕ್ಕೆ ಮಡಿಚಿಕೊಂಡು ನಿದ್ದೆ ಹೋದಂತೆ ಕಾಣುವುದು ಇದರದೇ ಗುರುತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹತ್ತು ಗೊನೆಗಳಿದ್ದರೆ ಒಂದು ರಾತ್ರಿ ಧಾರಾಳ ಸಾಕು. ಹೂವನ್ನು ಹಣ್ಣಿನಿಂದ ದೂರ, ಗಾಳಿಯಾಡುವ ಬೇರೆ ಕೋಣೆಯಲ್ಲಿ ಇಡಿ. ಹಾಗೆಂದು ಫ್ಯಾನಿನ ಕೆಳಗೂ ಬೇಡ, ಎಸಳು ಒಣಗುತ್ತದೆ.

ಫ್ರಿಜ್ಜಿನ ವಿಷಯದಲ್ಲಿಯೂ ಎಲ್ಲ ಹೂವೂ ಒಂದೇ ಅಲ್ಲ. ಗುಲಾಬಿಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಹಿತ. ಆಂಥೂರಿಯಂ, ಆರ್ಕಿಡ್‌ಗಳು ಬಿಸಿನಾಡಿನ ಹೂವುಗಳಾದ್ದರಿಂದ ಅಷ್ಟು ತಂಪಿನಲ್ಲಿ ಕಪ್ಪಾಗುತ್ತವೆ, ಅವಕ್ಕೆ ನೆರಳಿನ ಕೋಣೆಯೇ ಒಳ್ಳೆಯದು. ಗ್ಲಾಡಿಯೋಲಸ್ ತರಿಸಿದರೆ ಪೆಟ್ಟಿಗೆ ಬಿಚ್ಚಿದ ತಕ್ಷಣ ನೆಟ್ಟಗೆ ನಿಲ್ಲಿಸಿ. ಅಡ್ಡಲಾಗಿ ಮಲಗಿಸಿಟ್ಟರೆ ತುದಿ ಮೇಲಕ್ಕೆ ಬಾಗುತ್ತದೆ, ಮತ್ತೆ ಅದನ್ನು ನೇರ ಮಾಡಲಾಗದು. ಜರ್ಬೆರಾಗೆ ನಾಲ್ಕು ಬೆರಳಿನಷ್ಟು ನೀರು ಸಾಕು, ಬಕೆಟ್ ತುಂಬ ನೀರಿದ್ದರೆ ದಂಟು ಕೊಳೆಯುತ್ತದೆ. ಎಲ್ಲ ದಂಟುಗಳನ್ನೂ ಹರಿತವಾದ ಚಾಕುವಿನಿಂದ ಓರೆಯಾಗಿ ಒಂದು ಅಂಗುಲ ಕತ್ತರಿಸಿ, ನೀರಿಗೆ ತಾಗುವ ಎಲೆಗಳನ್ನು ಕಿತ್ತು, ತೊಳೆದ ಬಕೆಟ್ಟಿನಲ್ಲಿ ಇಡಬೇಕು. ಹಿಂದಿನ ಮದುವೆಯ ಲೋಳೆ ಅಂಟಿದ ಬಕೆಟ್ಟಿಗೆ ಹೊಸ ಹೂವು ಹಾಕುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ದಂಟಿನ ಬಾಯಿಯನ್ನೇ ಮುಚ್ಚುವುದರಿಂದ, ನೀರಿನಲ್ಲಿ ನಿಂತಿದ್ದರೂ ಹೂವು ಬಾಯಾರಿ ಬಾಡುತ್ತದೆ.

ಬಸ್ಸನ್ನು ನಂಬಿದವರು ಶಿರಾಡಿ ಘಾಟಿಯನ್ನೂ ನೆನಪಿನಲ್ಲಿಡಬೇಕು. ಗುಡ್ಡ ಜರಿದು ರಸ್ತೆ ಬಂದ್ ಆಗುವ ಮಳೆಗಾಲದಲ್ಲಿ ಮುಹೂರ್ತದ ದಿನವೇ ಹೂವು ತಲುಪುವಂತೆ ಆರ್ಡರ್ ಕೊಡಬೇಡಿ, ಒಂದು ದಿನ ಮೊದಲೇ ತರಿಸಿ.

ಪ್ರಶ್ನೆ: ಹೂವು ಚುಚ್ಚುವ ಹಸಿರು ಫೋಮ್ ಬದಲು ಬೇರೆ ಏನನ್ನು ಬಳಸಬಹುದು?
– ಓದುಗರು, ಕುಂದಾಪುರ

ಉತ್ತರ: ಬಾಳೆಯ ದಿಂಡು. ನಮ್ಮ ಹಿರಿಯರು ಬಳಸುತ್ತಿದ್ದದ್ದೂ ಅದನ್ನೇ. ಫೋಮ್ ಒಂದು ಬಗೆಯ ಪ್ಲಾಸ್ಟಿಕ್; ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಪುಡಿಪುಡಿಯಾಗಿ ಮಳೆನೀರಿನೊಡನೆ ತೋಡಿಗೂ ಹೊಳೆಗೂ ಸೇರುತ್ತದೆ. ಬಾಳೆ ದಿಂಡಿನಲ್ಲಿ ನೀರಿನಂಶವೇ ಹೆಚ್ಚಾದ್ದರಿಂದ ಗೊಂಡೆ, ಸೇವಂತಿಗೆ, ಗುಲಾಬಿಗಳು ಅದರಲ್ಲಿ ಒಂದು ದಿನ ಚೆನ್ನಾಗಿ ನಿಲ್ಲುತ್ತವೆ, ನಮಗೆ ಬೇಕಾದದ್ದು ಅಷ್ಟೇ ಸಮಯ. ಮೊದಲು ಕಡ್ಡಿಯಿಂದ ತೂತು ಮಾಡಿ ಆಮೇಲೆ ದಂಟು ಇಳಿಸಿ. ದಿಂಡಿನ ರಸ ಬಟ್ಟೆಗೆ ತಾಗಿದರೆ ಕರೆ ಹೋಗುವುದಿಲ್ಲ, ಹಾಗಾಗಿ ಕೊಯ್ದ ತುದಿಗಳನ್ನು ಎಲೆಯಿಂದ ಸುತ್ತಿ, ಮದುಮಕ್ಕಳು ಕುಳಿತುಕೊಳ್ಳುವ ಆಸನದಿಂದ ದೂರ ಇಡಿ. ಎತ್ತರದ ಗಾಜಿನ ಹೂದಾನಿಯಂಥ ಕಡೆ ಫೋಮ್ ಅನಿವಾರ್ಯವಾದರೆ, ಅದನ್ನು ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡಬೇಕು. ಕೈಯಿಂದ ಅದುಮಿದರೆ ಒಳಗೆ ಗಾಳಿ ಉಳಿದು, ಅಲ್ಲಿ ಚುಚ್ಚಿದ ಹೂವು ಬಾಡುತ್ತದೆ.

ಪ್ರಶ್ನೆ: ನಮ್ಮ ಕೆಲಸಕ್ಕೆ ಅಕ್ಕಪಕ್ಕದ ಮನೆಗಳ ಆರು ಮಂದಿ ಹೆಂಗಸರು ಹೂವು ಕಟ್ಟಿಕೊಡುತ್ತಾರೆ. ಮದುವೆ ಮನೆಯವರಿಂದ ಉಳಿದ ಹಣ ಬರುವುದು ತಿಂಗಳುಗಟ್ಟಲೆ ತಡವಾಗುತ್ತದೆ, ಅದರಿಂದ ಇವರ ಕೂಲಿಯೂ ಬಾಕಿಯಾಗುತ್ತದೆ. ಮದುವೆ ಮನೆಯಲ್ಲಿ ಹಣ ಕೇಳುವುದು ಹೇಗೆಂದು ಸಂಕೋಚ. ತೆರಿಗೆಯ ವಿಚಾರವನ್ನೂ ತಿಳಿಸಿ.
– ಓದುಗರು, ಬ್ರಹ್ಮಾವರ

ಉತ್ತರ: ಕೂಲಿಯನ್ನು ಮದುವೆ ಮನೆಯ ಹಣಕ್ಕೆ ಗಂಟು ಹಾಕಿದ್ದೇ ಇಲ್ಲಿ ಆಗಿರುವ ತಪ್ಪು, ಅದನ್ನು ಈ ಸೀಸನ್ನಿನಲ್ಲೇ ಬಿಡಿಸಿಕೊಳ್ಳಿ. ಹೂವು ಕಟ್ಟುವ ಹೆಂಗಸರು ನಿಮ್ಮ ಗಿರಾಕಿಯನ್ನು ಕಂಡವರಲ್ಲ, ಅವರು ನಂಬಿದ್ದು ನಿಮ್ಮನ್ನು. ಮುಂಗಡ ಬಂದ ದಿನವೇ ಅದರಲ್ಲಿ ಹೂವಿನ ಖರೀದಿಗೂ ಕಟ್ಟುವ ಕೂಲಿಗೂ ಬೇಕಾದದ್ದನ್ನು ತೆಗೆದು ಬೇರೆ ಇಡಿ. ಆ ಎರಡಕ್ಕೆ ಸಾಲದಷ್ಟು ಕಡಿಮೆ ಮುಂಗಡ ಪಡೆದು ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ನಾನು ಒಟ್ಟು ಮೊತ್ತದ ಅರ್ಧವನ್ನು ದಿನ ಗೊತ್ತಾದಾಗಲೂ, ಕಾಲುಭಾಗವನ್ನು ಮದುವೆಗೆ ವಾರವಿರುವಾಗಲೂ ಪಡೆಯುತ್ತೇನೆ. ಕೊನೆಯ ಕಾಲುಭಾಗಕ್ಕೆ ಮದುವೆಯ ದಿನ ಮದುಮಗಳ ತಂದೆಯ ಬಳಿ ಹೋಗುವುದಿಲ್ಲ, ಆ ಹೊತ್ತಿನಲ್ಲಿ ಅವರ ಮನಸ್ಸು ಬೇರೆಲ್ಲೋ ಇರುತ್ತದೆ. ಮಾತುಕತೆಯ ದಿನವೇ ಹಣದ ಜವಾಬ್ದಾರಿ ಯಾರದೆಂದು ಕೇಳಿ, ಸಾಮಾನ್ಯವಾಗಿ ಒಬ್ಬ ಮಾವನೋ ಭಾವನೋ ಇರುತ್ತಾರೆ, ಅವರ ಹೆಸರನ್ನು ದರಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ. ಊಟವಾದ ಮೇಲೆ ಅವರೇ ಕರೆದು ಕೊಡುತ್ತಾರೆ.

ಕೂಲಿ ಚೆಂಡಿನ ಲೆಕ್ಕದಲ್ಲಿರಲಿ, ರಾತ್ರಿ ಹತ್ತು ಗಂಟೆಯ ಮೇಲೆ ಕಟ್ಟಿಸಿದ್ದಕ್ಕೆ ಹೆಚ್ಚಿನ ದರ ಕೊಡಿ. ಮಲ್ಲಿಗೆಯ ದರ ಏರಿದ ವಾರದಲ್ಲಿ ನಿಮ್ಮ ವ್ಯವಹಾರದ ಮೊತ್ತ ಏರುತ್ತದೆ, ಅವರ ಬೆರಳುಗಳು ಕಟ್ಟುವ ಹೂವಿನ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಆ ವಾರ ಒಂದಿಷ್ಟು ಮೇಲೆ ಸೇರಿಸಿ ಕೊಟ್ಟವರ ಮನೆಗೆ ಮೇ ತಿಂಗಳಿನ ನಡುರಾತ್ರಿಯಲ್ಲೂ ಅವರು ಬರುತ್ತಾರೆ. ನಮ್ಮಲ್ಲಿ ಹದಿನೆಂಟು ವರ್ಷಗಳಿಂದ ಕಟ್ಟುತ್ತಿರುವ ಒಬ್ಬರು ಅಕ್ಕ ಇದ್ದಾರೆ. ನಾರನ್ನು ಹಲ್ಲಿನಲ್ಲಿ ಕಚ್ಚಿ ಸೀಳುತ್ತ, ಕಣ್ಣು ಗೋಡೆಯ ಗಡಿಯಾರದ ಮೇಲಿಟ್ಟೇ ಕಟ್ಟುತ್ತಾರೆ, ಒಂದು ಹೂವೂ ತಲೆಕೆಳಗಾಗುವುದಿಲ್ಲ.

ತೆರಿಗೆಯ ಬಗ್ಗೆ ಚುಟುಕಾಗಿ: ತಾಜಾ ಹೂವಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಅಲಂಕಾರ ಮಾಡಿಕೊಡುವುದು ಸೇವೆಯಾದ್ದರಿಂದ ಅದಕ್ಕೆ ಶೇಕಡಾ 18 ಇದೆ, ಸೇವೆಯ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಬಿಲ್ಲನ್ನು ಹೇಗೆ ಬರೆಯಬೇಕೆಂಬುದನ್ನು ನಿಮ್ಮ ಊರಿನ ಲೆಕ್ಕಪರಿಶೋಧಕರ ಬಳಿ ಸೀಸನ್ ಶುರುವಾಗುವ ಮೊದಲೇ ಕೂತು ಕೇಳಿಕೊಳ್ಳಿ. ಹೂವು ಕಟ್ಟುವವರ ಲೆಕ್ಕದ ಪುಸ್ತಕವನ್ನು ಮಾತ್ರ ನೀವೇ ಬರೆಯಿರಿ, ಯಾರು ಎಷ್ಟು ಚೆಂಡು ಕಟ್ಟಿದರೆಂಬುದನ್ನು ಅಂದಂದೇ ಅವರ ಎದುರಿನಲ್ಲಿ ಬರೆದು, ಅವರಿಗೆ ಓದಿ ಹೇಳಿ.